ಗಂಜಿ ಹಾಕಿದ ಮಾಸ್ಕ್

ಸಾಂಕ್ರಾಮಿಕ ರೋಗ ಹರಡಿದಾಗ ಮಕ್ಕಳು ಶಾಲೆಯಲ್ಲಿ ಮಾಸ್ಕ್ ಹಾಕಬೇಕೋ ಬೇಡವೋ ಎಂದು ನನ್ನನ್ನು ಕೇಳಿದರೆ, ಹಾಕಬೇಕು ಎಂದೇ ಹೇಳುತ್ತೇನೆ. ನಾನು ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ. ಡಾಕ್ಟರಿಕೆ ನನಗೆ ಗೊತ್ತಿಲ್ಲ. ಆದರೆ ಮೂವತ್ತಾರು ಮಕ್ಕಳಿಗೆ ಮಾಸ್ಕ್ ಹೊಲಿದುಕೊಟ್ಟು, ಅವರಲ್ಲಿ ಹನ್ನೊಂದು ಮಕ್ಕಳ ಉಸಿರು ಕಟ್ಟಿಸಿ, ಕಡೆಗೆ ಅದನ್ನು ಸರಿಪಡಿಸಿದವಳು ನಾನು. ಆ ಮೂರು ವಾರಗಳಲ್ಲಿ ಕಲಿತದ್ದನ್ನು ಹೇಳಲು ನಾಲ್ಕನೇ ಕ್ಲಾಸು ಸಾಕು.

ನಮ್ಮ ಮನೆ ಠಾಣೆ ಶಹರದ ವರ್ತಕ ನಗರದಲ್ಲಿ. ಒಂದು ರೂಮು, ಒಂದು ಕಿಚನ್. ಅದರಲ್ಲಿ ಐದು ಜನ: ನಾನು, ನನ್ನ ಮನೆಯವರು, ಮಗ, ಸೊಸೆ, ಮೊಮ್ಮಗಳು. ಮನೆಯವರು ಉಡುಪಿ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು ಹೋಟೆಲು ಸೇರಿದವರು. ಇಪ್ಪತ್ತು ವರ್ಷ ಭಟ್ಟಿಯ ಮುಂದೆ ನಿಂತು ದೋಸೆ ಹುಯ್ದರು. ಆಮೇಲೆ ಧಣಿಗಳು ನಂಬಿಕೆಯ ಮನುಷ್ಯ ಎಂದು ಗಲ್ಲಾದಲ್ಲಿ ಕೂರಿಸಿದರು. ಗಲ್ಲಾಕ್ಕೆ ಬಂದರೂ ಭಟ್ಟಿಯ ಹೊಗೆ ಅವರ ಎದೆಯಿಂದ ಹೋಗಲಿಲ್ಲ. ನಡುವೆ ಒಮ್ಮೆ ಟಿಬಿಯೂ ಆಗಿತ್ತು. ಈಗ ಎರಡನೇ ಮಾಳಿಗೆ ಹತ್ತುವಾಗ ನಡುವೆ ಎರಡು ಕಡೆ ನಿಲ್ಲುತ್ತಾರೆ.

ಈ ರೋಗ ಬಂದಾಗ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದರು, ಇವರಿಗೆ ಇದು ತಗುಲಿದರೆ ಕಷ್ಟ ಎಂದು. ಲಸಿಕೆಯ ಎರಡು ಸೂಜಿ ಹಾಕಿಸಿದ ಮೇಲೂ ಡಾಕ್ಟರು ಆ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಸೊಸೆ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಅವಳು ಕಂಡದ್ದನ್ನು ಮನೆಯಲ್ಲಿ ಹೇಳುತ್ತಿರಲಿಲ್ಲ. ಬಂದವಳೇ ಸೀದಾ ಸ್ನಾನಕ್ಕೆ ಹೋಗುತ್ತಿದ್ದಳು. ಅದರಲ್ಲೇ ನಮಗೆ ಅರ್ಥವಾಗುತ್ತಿತ್ತು.

ಮೊಮ್ಮಗಳು ಒಂದನೇ ಕ್ಲಾಸಿಗೆ ಸೇರಿದ್ದು ಫೋನಿನಲ್ಲಿ, ಎರಡನೇ ಕ್ಲಾಸು ಮುಗಿಸಿದ್ದೂ ಫೋನಿನಲ್ಲಿ. ಹಳೆಯ ಫೋನೊಂದನ್ನು ನೀರಿನ ಡಬ್ಬಕ್ಕೆ ಒರಗಿಸಿ ನಾವು ಅವಳ ಎದುರು ಇಡುತ್ತಿದ್ದೆವು. ಟೀಚರು ಅಲ್ಲಿ ಮಾತಾಡುತ್ತಿದ್ದರೆ ಇವಳು ಇಲ್ಲಿ ಚಕ್ಕುಲಿ ತಿನ್ನುತ್ತಿದ್ದಳು. ಮೂರನೇ ಕ್ಲಾಸಿಗೆ ಬಂದಾಗ ಪುಸ್ತಕದ ಒಂದು ಸಾಲು ನೆಟ್ಟಗೆ ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿ ಕತೆ ಕಟ್ಟಿ ಹೇಳುತ್ತಿದ್ದಳು, ಅದನ್ನೇ ಓದು ಎಂದುಕೊಂಡಿದ್ದಳು. ನಾನು ಬೆರಳಿಟ್ಟು ಇದೇನು ಅಕ್ಷರ ಎಂದು ಕೇಳಿದರೆ ಬೆರಳನ್ನೇ ನೋಡುತ್ತಿದ್ದಳು.

ಶಾಲೆ ಮತ್ತೆ ತೆರೆಯುವ ಸುದ್ದಿ ಬಂದಾಗ ನನಗೆ ಆದ ಸಮಾಧಾನ ಮಗನಿಗೆ ಆಗಲಿಲ್ಲ. ಅವನು ಭಿವಂಡಿಯ ಬಟ್ಟೆ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ, ಮಾತು ಕಡಿಮೆ. ಅಂದು ಊಟಕ್ಕೆ ಕೂತಾಗ ಒಂದೇ ಸಲ ಹೇಳಿದ.

"ಎಲ್ಲ ಮಕ್ಕಳು ಮಾಸ್ಕ್ ಹಾಕಿ ಕೂತ್ರೆ ಮಾತ್ರ ಇವಳು ಹೋಗುದು. ಮಾಸ್ಕ್ ತೆಗೀಲಿಕ್ಕೆ ಬಿಟ್ಟ ದಿನ ಇವಳ ಶಾಲೆ ಬಂದ್. ಈ ಮನೇಲಿ ಅಪ್ಪನನ್ನು ಬೇರೆ ಮಲಗಿಸ್ಲಿಕ್ಕೆ ಜಾಗ ಎಲ್ಲುಂಟು?"

ಜಾಗ ಇರಲಿಲ್ಲ. ಅವನು ಹೇಳಿದ್ದು ತಪ್ಪೂ ಆಗಿರಲಿಲ್ಲ. ಮೊಮ್ಮಗಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಕೇಳಿಸಿಕೊಂಡಳು ಎಂಬುದನ್ನು ನಾವು ಯಾರೂ ಗಮನಿಸಲಿಲ್ಲ.

ಶಾಲೆಯವರು ಯೂನಿಫಾರ್ಮಿನ ಬಣ್ಣದ ಬಟ್ಟೆಯ ಮಾಸ್ಕ್ ಬೇಕು ಎಂದರು, ತಿಳಿನೀಲಿ. ಅಂಗಡಿಯಲ್ಲಿ ಸಿಗುತ್ತಿದ್ದದ್ದು ದೊಡ್ಡವರ ಅಳತೆಯದು, ಮಗುವಿಗೆ ಹಾಕಿದರೆ ಕಣ್ಣೂ ಮುಚ್ಚುತ್ತಿತ್ತು. ನನ್ನಲ್ಲಿ ಹೊಲಿಗೆ ಮಷೀನು ಉಂಟು. ಸೀರೆಗೆ ಫಾಲ್ ಹಚ್ಚುವುದು, ಬ್ಲೌಸು ಹೊಲಿಯುವುದು ಮೂವತ್ತು ವರ್ಷದ ಅಭ್ಯಾಸ. ಮಗ ಗೋದಾಮಿನಿಂದ ತಿಳಿನೀಲಿ ಕಾಟನ್ನಿನ ತುಂಡುಗಳನ್ನು ತಂದ. ನಾನು ಮೊಮ್ಮಗಳ ಮೂಗಿನಿಂದ ಗಲ್ಲಕ್ಕೆ, ಕಿವಿಯಿಂದ ಕಿವಿಗೆ ಟೇಪು ಹಿಡಿದು ಅಳತೆ ತೆಗೆದೆ. ಎರಡು ಪದರ, ಮೂರು ನಿರಿಗೆ, ಕಿವಿಗೆ ಮೆತ್ತನೆಯ ಎಲಾಸ್ಟಿಕ್. ಅವಳ ಕ್ಲಾಸ್ ಟೀಚರು ಅದನ್ನು ಕಂಡು, ಇಡೀ ಕ್ಲಾಸಿಗೆ ಹೊಲಿದುಕೊಡುತ್ತೀರಾ ಎಂದು ಕೇಳಿ ಕಳಿಸಿದರು. ಮೂವತ್ತಾರು ಮಕ್ಕಳು, ತಲೆಗೆ ಎರಡು. ಹತ್ತು ದಿನ ಮಷೀನಿನಿಂದ ಏಳಲಿಲ್ಲ.

ಮಗ್ಗದಿಂದ ಬಂದ ಹೊಸ ಬಟ್ಟೆಯಲ್ಲಿ ಮಗ್ಗದ ಗಂಜಿ ಇರುತ್ತದೆ. ಅದು ಬಟ್ಟೆ ಗೊತ್ತಿದ್ದ ಎಲ್ಲರಿಗೂ ಗೊತ್ತು. ಮಕ್ಕಳ ಮುಖಕ್ಕೆ ತಾಗುವುದೆಂದು ನಾನು ಕತ್ತರಿಸುವ ಮೊದಲೇ ಅದನ್ನು ಬಿಸಿನೀರಿನಲ್ಲಿ ನೆನೆಸಿ, ಮೂರು ನೀರು ತೆಗೆದು, ಒಣಗಿಸಿದೆ. ಅಷ್ಟು ಬುದ್ಧಿ ಓಡಿಸಿದವಳು ಮುಂದೆ ಏನು ಮಾಡಿದೆ ಎಂದು ಕೇಳಿ. ಹೊಲಿದು ಮುಗಿದ ಎಪ್ಪತ್ತೆರಡು ಮಾಸ್ಕುಗಳನ್ನೂ ನನ್ನ ಕೈಯಾರೆ ಗಂಜಿಗೆ ಅದ್ದಿದೆ.

ಅದಕ್ಕೆ ಕಾರಣ ಗಲ್ಲಾ. ಗಲ್ಲಾದಲ್ಲಿ ಕೂರುವವನು ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಗರಿಗರಿಯಾಗಿ ಕಾಣಬೇಕು ಎಂಬುದು ನಮ್ಮ ಧಣಿಗಳ ನಿಯಮವಾಗಿತ್ತು. ಮನೆಯವರು ಅಲ್ಲಿ ಕೂತಷ್ಟು ವರ್ಷವೂ ವಾರಕ್ಕೆರಡು ಸಲ ಅವರ ಬಟ್ಟೆಗೆ ಗಂಜಿ ಹಾಕಿದ್ದೇನೆ. ನಾವು ಉಣ್ಣುವ ಕುಚ್ಚಲಕ್ಕಿಯ ಗಂಜಿ ಅದಕ್ಕೆ ಆಗುವುದಿಲ್ಲ, ಬಣ್ಣ ಹತ್ತುತ್ತದೆ. ಅದಕ್ಕೆಂದೇ ಒಂದು ಹಿಡಿ ಬಿಳಿ ಬೆಳ್ತಿಗೆ ಅಕ್ಕಿ ಬೇಯಿಸಿ, ತಿಳಿ ಬಸಿದು, ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಅದ್ದಿ ಒಣಗಿಸಿ ಇಸ್ತ್ರಿ ಮಾಡುತ್ತಿದ್ದೆ. ಅಂಗಿಯನ್ನು ನೆಲದಲ್ಲಿ ನಿಲ್ಲಿಸಿದರೆ ನಿಲ್ಲುತ್ತಿತ್ತು. ಅವರು ಹೋಟೆಲು ಬಿಟ್ಟ ಮೇಲೆ ಮನೆಯಲ್ಲಿ ಗಂಜಿ ಹಾಕುವಂಥ ಬಟ್ಟೆಯೇ ಇರಲಿಲ್ಲ. ಮಗ ಟೀಶರ್ಟು ಹಾಕುವವನು. ಹೊಲಿದ ಮಾಸ್ಕುಗಳು ಬುಟ್ಟಿಯಲ್ಲಿ ಒದ್ದೆ ಕೋಳಿಮರಿಗಳ ಹಾಗೆ ಮುದುಡಿ ಬಿದ್ದದ್ದನ್ನು ನೋಡಿ ನನ್ನ ಕೈ ತಾನಾಗಿ ಅಕ್ಕಿ ಡಬ್ಬಕ್ಕೆ ಹೋಯಿತು. ಗಂಜಿ ಹಾಕಿದರೆ ಮುಖಕ್ಕೆ ಅಂಟದೆ ಎತ್ತಿ ನಿಲ್ಲುತ್ತದೆ, ಮಕ್ಕಳಿಗೂ ಒಳ್ಳೆಯದು ಎಂದುಕೊಂಡೆ. ಜೊತೆಗೆ ಟೀಚರಿಗೆ ಹೇಳಿ ಎಲ್ಲ ತಾಯಂದಿರಿಗೂ ಒಂದು ಚೀಟಿ ಬರೆಸಿ ಕಳಿಸಿದೆ: ತೊಳೆದಾಗ ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಬೇಕು.

ಮೊದಲ ದಿನ ಟೀಚರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಮೂವತ್ತಾರು ನೀಲಿ ಮಾಸ್ಕು, ಒಂದೊಂದರ ನಿರಿಗೆಯೂ ಇಸ್ತ್ರಿ ಗೆರೆ ಸಮೇತ ಕಾಣುತ್ತಿತ್ತು. ಸೊಸೆ ತೋರಿಸಿದಾಗ ನಾನು ಆ ಫೋಟೋವನ್ನು ಬೆರಳಿನಲ್ಲಿ ಅಗಲಿಸಿ ಅಗಲಿಸಿ ನೋಡಿದೆ. ಜಂಬ ಬಂತು. ಬಂದದ್ದನ್ನು ಇಲ್ಲ ಎನ್ನುವುದಿಲ್ಲ.

ಮೊದಲ ವಾರ ಶಾಲೆ ದಿನಕ್ಕೆ ಎರಡೇ ಗಂಟೆ. ಯಾರೂ ಏನೂ ಹೇಳಲಿಲ್ಲ. ಎರಡನೇ ವಾರ ನಾಲ್ಕು ಗಂಟೆ ಮಾಡಿದರು. ಮಧ್ಯಾಹ್ನದ ಪಾಳಿ, ಮೇಲೆ ತಗಡಿನ ಮಾಡು, ಫ್ಯಾನು ತಿರುಗಿದರೂ ಬಿಸಿಗಾಳಿ. ಆಗ ಶುರುವಾಯಿತು. ಒಂದು ಹುಡುಗಿ ವಾಂತಿ ಮಾಡಿಕೊಂಡಳು. ಒಬ್ಬ ಹುಡುಗ ಉಸಿರು ಬರುವುದಿಲ್ಲ ಎಂದು ಬೆಂಚಿನ ಮೇಲೆ ತಲೆ ಇಟ್ಟ. ಆ ವಾರ ಹನ್ನೊಂದು ಮಕ್ಕಳನ್ನು ಆಫೀಸಿಗೆ ಕಳಿಸಿ ಗಾಳಿಗೆ ಕೂರಿಸಿದರಂತೆ.

ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಬರೆದದ್ದು ಒಬ್ಬ ತಂದೆ, ಐರೋಲಿಯ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವವರು. ಅವರ ಮಗಳು ನನ್ನ ಮೊಮ್ಮಗಳ ಬೆಂಚಿನವಳು. ಸಣ್ಣ ಮಕ್ಕಳಿಗೆ ಮಾಸ್ಕ್ ಕಟ್ಟಿ ಕೂರಿಸುವುದು ಕ್ರೂರ, ಚಿಕ್ಕ ಕ್ಲಾಸುಗಳಿಗೆ ಇದನ್ನು ತೆಗೆಯಲೇಬೇಕು ಎಂದು ಅವರು ಬರೆದರು. ಕೆಳಗೆ ಒಬ್ಬರ ಹಿಂದೊಬ್ಬರು ಹೌದು ಹೌದು ಎಂದರು. ಮಾಸ್ಕ್ ಹಾಕಬೇಕೆಂಬ ನಿಯಮ ಕಾಗದದಲ್ಲಿ ಇತ್ತು. ಆದರೆ ಕ್ಲಾಸಿನ ಬಾಗಿಲು ಹಾಕಿದ ಮೇಲೆ ಒಳಗೆ ಯಾರು ಬಂದು ನೋಡುತ್ತಾರೆ? ಪೋಷಕರೆಲ್ಲ ಸೇರಿ ಬೇಡ ಎಂದರೆ ಶಾಲೆ ಕಣ್ಣು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಶನಿವಾರ ಮೀಟಿಂಗ್ ಎಂದು ಸಂದೇಶ ಬಂತು.

ಸೊಸೆ ಒಂದೊಂದೇ ಓದಿ ಹೇಳುತ್ತಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಎ.ಸಿ.ಯಲ್ಲಿ ಹುಟ್ಟಿದ ಮಕ್ಕಳು, ಇವರಿಗೆ ಕಿವಿಗೆ ದಾರ ಸಿಕ್ಕಿಸಿದರೂ ನೋವು ಎಂದೆ. ಆ ವಾರ ಶಾಲೆ ಗೇಟಿನ ಹತ್ತಿರ ಮೊಮ್ಮಗಳು ಮಾಸ್ಕನ್ನು ಮೂಗಿನ ಕೆಳಗೆ ಇಳಿಸಿಕೊಂಡದ್ದನ್ನು ಕಂಡು ಎಲ್ಲರೆದುರು ಬೈದೆ. ಉಸಿರು ಕಟ್ಟುತ್ತದಾ ಎಂದು ಕೇಳಿದ್ದಕ್ಕೆ ಅವಳು, "ಕುಛ್ ನಹೀ ಹೋತಾ ಅಜ್ಜಿ" ಎಂದು ತಕ್ಷಣ ಮೂಗಿಗೆ ಏರಿಸಿದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. ಏನೂ ಆಗುವುದಿಲ್ಲ ಎಂದಳಲ್ಲ, ನೋಡಿ, ನನ್ನ ಮೊಮ್ಮಗಳಿಗೆ ಆಗದ್ದು ಉಳಿದವರಿಗೆ ಯಾಕೆ ಆಗುತ್ತದೆ ಎಂದು ನಾನು ಮನೆಯಲ್ಲಿ ವಾದ ಮಾಡಿದೆ.

ಇನ್ನೊಂದು ಸಂಗತಿ ಇತ್ತು. ಅವಳ ಮಾಸ್ಕ್ ತೊಳೆಯುವಾಗ ಒಳಪದರದ ನಿರಿಗೆಯಲ್ಲಿ ಹಲ್ಲಿನ ಗುರುತು ಕಾಣುತ್ತಿತ್ತು. ಬಟ್ಟೆ ತಿನ್ನುತ್ತೀಯಾ, ಮನೆಯಲ್ಲಿ ಅನ್ನ ಇಲ್ಲವಾ ಎಂದು ಅದಕ್ಕೂ ಬೈದೆ. ಅವಳು ತಲೆ ತಗ್ಗಿಸಿ ನಿಂತಳು. ನಾನು ತೊಳೆದೆ, ಮತ್ತೆ ಗಂಜಿ ಹಾಕಿದೆ, ಇಸ್ತ್ರಿ ಮಾಡಿದೆ.

ಮೀಟಿಂಗಿನ ಹಿಂದಿನ ದಿನ, ಶುಕ್ರವಾರ, ಎಲಾಸ್ಟಿಕ್ ಮುಗಿದಿತ್ತು. ಸ್ಟೇಷನ್ನಿನ ಆಚೆ ಬದಿಯ ಅಂಗಡಿಗೆ ಹೊರಟೆ. ನಾನು ಹಾಕುತ್ತಿದ್ದದ್ದು ಹಳೆಯ ಸೀರೆಯಲ್ಲಿ ಹೊಲಿದ ಮಾಸ್ಕು, ತೊಳೆದು ತೊಳೆದು ಬಾಳೆಹೂವಿನ ಒಳಸಿಪ್ಪೆಯಷ್ಟು ಮೆತ್ತಗಾದದ್ದು. ಒಳ್ಳೆಯದನ್ನು ಮಕ್ಕಳಿಗೆ ಕೊಟ್ಟು ಹಳೆಯದರಲ್ಲಿ ನಾನು ದಿನ ಕಳೆಯುತ್ತಿದ್ದೆ. ಅಂದು ನನ್ನದು ಹಗ್ಗದ ಮೇಲೆ ಒದ್ದೆ ಇತ್ತು. ಮಿಕ್ಕಿದ ನೀಲಿ ತುಂಡಿನಲ್ಲಿ ನನ್ನ ಅಳತೆಗೇ ಒಂದು ಹೊಲಿದು, ಗಂಜಿ ಹಾಕಿ ಇಟ್ಟಿದ್ದೆ. ಅದನ್ನು ಮೊದಲ ಸಲ ಹಾಕಿಕೊಂಡೆ.

ಬಸ್ಸಿನಲ್ಲಿ ಏನೂ ಅನ್ನಿಸಲಿಲ್ಲ. ಇಳಿದು ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತತೊಡಗಿದೆ. ಅರ್ಧ ಹತ್ತುವಾಗ ಮುಖ ಬೆವರಿತು, ಉಸಿರು ಬಿಸಿಯಾಯಿತು. ಗರಿಗರಿಯಾಗಿದ್ದ ಬಟ್ಟೆ ನೆನೆದು ಬಾಯಿಗೆ ಬಂದು ಅಂಟಿತು. ಉಸಿರು ಎಳೆದರೆ ಗಾಳಿ ಬರುವುದಿಲ್ಲ, ಬಟ್ಟೆ ಬರುತ್ತದೆ. ಇನ್ನೂ ಎಳೆದರೆ ಇನ್ನೂ ಅಂಟುತ್ತದೆ. ಕಂಬಿ ಹಿಡಿದು ಅಲ್ಲೇ ಕೂತೆ. ಮಾಸ್ಕ್ ಕಿತ್ತೆ. ಬೆರಳಿಗೆ ಮೈದಾ ಹಿಟ್ಟಿನ ಅಂಟಿನ ಹಾಗೆ ಏನೋ ಹತ್ತಿತು. ಮೂಗಿಗೆ ಹಿಡಿದರೆ ಹಳಸಿದ ಗಂಜಿಯ ಹುಳಿ ವಾಸನೆ.

ಮೆಟ್ಟಿಲಿಳಿಯುತ್ತಿದ್ದ ಪೊಲೀಸ್ ಹುಡುಗಿಯೊಬ್ಬಳು ನಿಂತು, ಮರಾಠಿಯಲ್ಲಿ, ಆಜಿ, ಮಾಸ್ಕ್ ಹಾಕಿ ಎಂದಳು. ಹಾಕುತ್ತೇನೆ ಮಗಾ, ಮೊದಲು ಉಸಿರು ಆಡಲಿ ಎಂದೆ. ಸೆರಗನ್ನು ಮೂಗಿಗೆ ಸುತ್ತಿಕೊಂಡು, ಎಲಾಸ್ಟಿಕ್ ತರದೆ ಮನೆಗೆ ತಿರುಗಿದೆ. ದಾರಿಯುದ್ದಕ್ಕೂ ಆ ಹಲ್ಲಿನ ಗುರುತುಗಳೇ ಕಣ್ಣೆದುರು ಬಂದವು. ಮಗು ಬಟ್ಟೆ ತಿಂದದ್ದಲ್ಲ. ಬಾಯಿಗೆ ಅಂಟಿದ್ದನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಬದಿಯಿಂದ ಗಾಳಿ ಎಳೆದುಕೊಂಡದ್ದು.

ಸಂಜೆ ಅವಳನ್ನು ಎದುರು ಕೂರಿಸಿ ಕೇಳಿದೆ. ಮೊದಲು ಏನೂ ಇಲ್ಲ ಎಂದಳು. ನನಗೂ ಹಾಗೇ ಆಯಿತು, ಸೇತುವೆಯಲ್ಲಿ ಕೂತುಬಿಟ್ಟೆ ಎಂದ ಮೇಲೆ ನನ್ನ ಮುಖ ನೋಡಿದಳು. ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು.

"ಹೇಳಿದ್ರೆ ಪಪ್ಪ ಸ್ಕೂಲ್ ಬಂದ್ ಮಾಡ್ತಾರೆ."

ಎರಡು ವಾರ ಆ ಎಂಟು ವರ್ಷದ ಮಗು ಉಸಿರು ಹಿಡಿದುಕೊಂಡು ಶಾಲೆಗೆ ಹೋಗಿತ್ತು. ನಾನು ಗೇಟಿನಲ್ಲಿ ನಿಂತು ಬೈದಿದ್ದೆ. ಅತ್ತು ಏನೂ ಪ್ರಯೋಜನ ಇರಲಿಲ್ಲ, ಹಾಗಾಗಿ ಅಳಲಿಲ್ಲ. ಮನೆಯಲ್ಲಿದ್ದ ನೀಲಿ ಮಾಸ್ಕುಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿ, ಬೆರಳಿಗೆ ಜಾರು ಹತ್ತದಂತಾಗುವವರೆಗೆ ತೊಳೆದೆ.

ಸೊಸೆ ಕೆಲಸದಿಂದ ಬಂದಾಗ ಎಲ್ಲ ಹೇಳಿದೆ. ಅವಳು ನನ್ನ ಮರ್ಯಾದೆ ಉಳಿಸಲು ನೋಡಿದಳು.

"ಅತ್ತೆ, ಅಷ್ಟು ಜನರೆದುರು ನೀವು ಹೇಳುದು ಬೇಡ. ಗ್ರೂಪಲ್ಲಿ ಬಿಸಿನೀರಲ್ಲಿ ತೊಳೀರಿ ಅಂತ ನಾನು ಹಾಕ್ತೇನೆ. ಮುಗೀತು."

"ನಾಳೆ ಅವ್ರು ಕೈ ಎತ್ತಿ ಮಾಸ್ಕ್ ತೆಗೆಸಿದ ಮೇಲೆ ತೊಳೆದು ಎಂತ ಮಾಡುದು?" ಎಂದೆ.

ಮನೆಯವರು ಕಿಟಕಿಯ ಹತ್ತಿರ ಕೂತಿದ್ದವರು ಕೆಮ್ಮಿ, ನನಗೋಸ್ಕರ ಇಷ್ಟೆಲ್ಲ ಯಾಕೆ, ನಾನು ಊರಿಗೆ ಹೋಗಿ ಅಣ್ಣನ ಮನೆಯಲ್ಲಿ ಇರುತ್ತೇನೆ ಎಂದರು. ಅಲ್ಲಿ ನಿಮಗೆ ಗಂಜಿ ಯಾರು ಬೇಯಿಸುತ್ತಾರೆ, ಸುಮ್ಮನಿರಿ ಎಂದೆ. ಆ ಹೊತ್ತಿನಲ್ಲಿ ಗಂಜಿಯ ಹೆಸರು ಬಾಯಿಂದ ಬಂದದ್ದಕ್ಕೆ ಸೊಸೆ ಮುಖ ತಿರುಗಿಸಿ ನಕ್ಕಳು. ಅವರಿಗೂ ನಗು ಬಂತು, ನಗು ಕೆಮ್ಮಾಯಿತು.

ಶನಿವಾರ ಮಗನಿಗೂ ಸೊಸೆಗೂ ಡ್ಯೂಟಿ. ಮೀಟಿಂಗಿಗೆ ನಾನೇ ಹೋದೆ. ಶಾಲೆಯ ಹಾಲಿನಲ್ಲಿ ಕಿಟಕಿಗಳೆಲ್ಲ ತೆರೆದು, ಕುರ್ಚಿಗಳನ್ನು ದೂರ ದೂರ ಇಟ್ಟಿದ್ದರು. ಮಗುವಿಗೊಬ್ಬರಂತೆ ಮೂವತ್ತಕ್ಕೂ ಹೆಚ್ಚು ಜನ. ಅಜ್ಜಿ ಎಂದರೆ ನಾನೊಬ್ಬಳೇ. ಮುಖ್ಯೋಪಾಧ್ಯಾಯಿನಿ ನನಗಿಂತ ಬಹಳ ಸಣ್ಣವರು, ಮರಾಠಿಯವರು. ಎರಡು ಕಡೆಯ ಮಾತನ್ನೂ ಕೇಳಿ ಬಳಲಿದ ಮುಖ. ಅಲ್ಲಿ ಮಾತು ನಡೆದದ್ದು ಹಿಂದಿ, ಮರಾಠಿ ಎರಡೂ ಸೇರಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಐರೋಲಿಯ ತಂದೆ ಮೊದಲು ಎದ್ದರು. ಮಗಳಿಗೆ ಸಣ್ಣವಳಿದ್ದಾಗ ದಮ್ಮು ಇತ್ತು, ಈಗ ಶಾಲೆಯಿಂದ ಬರುವಾಗ ಮುಖ ಕೆಂಪಾಗಿರುತ್ತದೆ, ಟೀಚರಿಗೆ ಮಕ್ಕಳ ಮಾತು ಕೇಳಿಸುವುದಿಲ್ಲ, ಮಕ್ಕಳಿಗೆ ಟೀಚರ ಮಾತು ಕೇಳಿಸುವುದಿಲ್ಲ, ಹೀಗಿರುವಾಗ ಕಲಿಯುವುದೇನು ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಗಳ ಕೆಂಪು ಮುಖ ನೋಡಿದ ಅಪ್ಪ ಹಾಗೆ ಮಾತಾಡದೆ ಹೇಗೆ ಮಾತಾಡಬೇಕು? ಸುತ್ತ ಎಲ್ಲರೂ ತಲೆ ಆಡಿಸಿದರು. ಹೆಡ್ ಟೀಚರು, ಹಾಗಾದರೆ ಕೈ ಎತ್ತಿ, ಎಷ್ಟು ಜನ ಎಂದು ನೋಡೋಣ ಎಂದರು.

ನಾನು ಎದ್ದೆ. ಮಂಡಿಯಿಂದ ಕಟಕಟ ಸದ್ದು ಬಂತು, ಅದರಿಂದಲೇ ನಾಲ್ಕು ಜನ ತಿರುಗಿ ನೋಡಿದರು.

"ಮಕ್ಕಳ ಉಸಿರು ಕಟ್ಟಿಸಿದ್ದು ಮಾಸ್ಕ್ ಅಲ್ಲ, ನಾನು" ಎಂದೆ.

ಯಾರೋ ನಕ್ಕರು. ಮಾಸ್ಕ್ ಹೊಲಿದ ಆಜಿ ಎಂದು ಯಾರೋ ಪಿಸುಗುಟ್ಟಿದರು. ನಾನು ಗಂಜಿಯ ಕತೆಯನ್ನು ಅಡ್ಡ ಉದ್ದ ಇಲ್ಲದೆ ಹೇಳಿದೆ. ಅನ್ನದ ತಿಳಿ ಒಣಗಿದ್ದಾಗ ರಟ್ಟು, ಒದ್ದೆಯಾದರೆ ಅಂಟು. ಮಕ್ಕಳ ಉಸಿರಿಗೆ ನೆನೆದು ಬಟ್ಟೆಯ ಕಣ್ಣುಗಳೆಲ್ಲ ಮುಚ್ಚಿಹೋಗಿವೆ. ನಿನ್ನೆ ನಾನೇ ಹಾಕಿ ಸೇತುವೆಯಲ್ಲಿ ಕೂತೆ. ಗಂಜಿ ಹಾಕಿ ಎಂದು ಚೀಟಿ ಬರೆಸಿದ್ದೂ ನಾನೇ, ತಪ್ಪಾಯಿತು ಎಂದೆ. ನನ್ನ ಹಿಂದಿ ಹೋಟೆಲು ಹಿಂದಿ, ಅದರಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ಮಾತು. ಆದರೂ ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ.

ಐರೋಲಿಯವರು ನಂಬಲಿಲ್ಲ. "ಆಜಿ, ನೀವು ದೊಡ್ಡವರು. ಆದ್ರೆ ಇದು ನಿಮ್ಮ ಅಂದಾಜು. ಪ್ರೂಫ್ ಏನು?"

ಆ ಪ್ರಶ್ನೆ ಬಂದೇ ಬರುತ್ತದೆ ಎಂದು ನಾನು ಇಡೀ ಬೆಳಿಗ್ಗೆ ಪಾತ್ರೆ ತಿಕ್ಕುತ್ತಾ ಯೋಚಿಸಿದ್ದೆ. ಮೂವತ್ತಾರು ಮಕ್ಕಳಿಗೂ ಒಂದೇ ಬಟ್ಟೆ, ಒಂದೇ ಹೊಲಿಗೆ. ಹಾಗಿದ್ದರೆ ಹನ್ನೊಂದು ಮಕ್ಕಳಿಗೆ ಮಾತ್ರ ಯಾಕೆ ಹೀಗಾಯಿತು? ಹೆಡ್ ಟೀಚರ ಹತ್ತಿರ ಆಫೀಸಿಗೆ ಕಳಿಸಿದ ಮಕ್ಕಳ ಹೆಸರು ಬರೆದ ವಹಿ ಇತ್ತು. ಒಂದೊಂದೇ ಹೆಸರು ಓದಿ, ಅವರ ಮನೆಯಲ್ಲಿ ಮಾಸ್ಕ್ ಹೇಗೆ ತೊಳೆಯುತ್ತಾರೆ ಕೇಳಿ ಎಂದೆ.

ಅವರು ಓದಿದರು. ಮೊದಲನೆಯ ತಾಯಿ, ಚೀಟಿಯಲ್ಲಿ ಹೇಳಿದ ಹಾಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತೇನೆ ಎಂದಳು. ಎರಡನೆಯವಳೂ ಅದೇ. ಮೂರನೆಯವಳು ತಲೆ ಬಗ್ಗಿಸಿ, ತೊಳೆಯಲು ಪುರುಸೊತ್ತು ಆಗಲಿಲ್ಲ, ಬಿಸಿಲಿಗೆ ಹಾಕಿ ಕಳಿಸಿದೆ ಎಂದಳು. ಅಂದರೆ ನಾನು ಹಾಕಿದ ಗಂಜಿ ಹಾಗೇ ಉಳಿದಿತ್ತು. ಐರೋಲಿಯವರ ಸರದಿ ಬಂತು. ಅವರು ಹೆಂಡತಿಗೆ ಫೋನು ಮಾಡಿ ಕೇಳಿದರು. ಮನೆಕೆಲಸದವಳ ಕೈಯಲ್ಲಿ ಗಂಜಿ ಹಾಕಿಸುತ್ತೇನೆ, ಚೆನ್ನಾಗಿ ಗಟ್ಟಿಯಾಗಿ, ಎಂದು ಆ ಕಡೆಯಿಂದ ಬಂದ ಉತ್ತರ ಪಕ್ಕದವರಿಗೂ ಕೇಳಿಸಿತು. ಹತ್ತು ಮನೆಗಳಲ್ಲಿ ಇದೇ ಕತೆ. ಹನ್ನೊಂದನೆಯ ಹುಡುಗನ ಅಮ್ಮ ಮಾತ್ರ, ನಾನು ಚೆನ್ನಾಗಿ ತೊಳೆದಿದ್ದೇನೆ, ಗಂಜಿ ಹಾಕಿಲ್ಲ ಎಂದಳು. ನನ್ನ ಲೆಕ್ಕ ತಪ್ಪಿತು ಎಂದುಕೊಂಡೆ. ಆಮೇಲೆ ಅವಳೇ ದನಿ ತಗ್ಗಿಸಿ, ಅವನಿಗೆ ಲೆಕ್ಕದ ಪೀರಿಯಡ್ಡಿನಲ್ಲಿ ಮಾತ್ರ ಉಸಿರು ಕಟ್ಟುತ್ತದೆ ಎಂದಳು. ಹೆಡ್ ಟೀಚರು ಬಾಯಿಗೆ ಕೈ ಅಡ್ಡ ಹಿಡಿದರು.

ಇನ್ನು ಉಳಿದವರನ್ನು ಕೇಳಿ ಎಂದೆ. ದೂರು ಹೇಳದ ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಹೇಳಿದರು: ಗಂಜಿಗೆಲ್ಲ ಯಾರಿಗೆ ಟೈಮು, ಬಟ್ಟೆಯ ಜೊತೆ ವಾಷಿಂಗ್ ಮಷೀನಿಗೆ ಹಾಕಿದೆವು. ನನ್ನ ಚೀಟಿಯನ್ನು ಕಸದ ಬುಟ್ಟಿಗೆ ಹಾಕಿದ ಮನೆಗಳಲ್ಲಿ ಮಕ್ಕಳು ಸುಖವಾಗಿದ್ದವು. ನನ್ನ ಮಾತನ್ನು ಅಕ್ಷರ ಬಿಡದೆ ಪಾಲಿಸಿದ ತಾಯಂದಿರ ಮಕ್ಕಳೇ ಒದ್ದಾಡಿದ್ದು. ಇದಕ್ಕಿಂತ ದೊಡ್ಡ ಪ್ರೂಫ್ ನನ್ನಲ್ಲಿಲ್ಲ ಎಂದೆ.

ಆದರೂ ಚೀಲದಲ್ಲಿ ಇನ್ನೊಂದು ಇಟ್ಟುಕೊಂಡೇ ಹೋಗಿದ್ದೆ. ದೊಡ್ಡವರ ಅಳತೆಯಲ್ಲಿ, ಎಲಾಸ್ಟಿಕ್ ಬದಲು ಲಾಡಿ ಇಟ್ಟು ಬೆಳಿಗ್ಗೆ ಹೊಲಿದ ಎರಡು ಹೊಸ ಮಾಸ್ಕು, ಒಂದಕ್ಕೆ ಗಂಜಿ ಹಾಕಿ ಬಿಸಿ ಇಸ್ತ್ರಿಯಲ್ಲಿ ಒಣಗಿಸಿದ್ದು, ಇನ್ನೊಂದು ಬರೀ ತೊಳೆದದ್ದು. ಐರೋಲಿಯವರಿಗೆ ಕೊಟ್ಟೆ. ಗಂಜಿಯದಕ್ಕೆ ಒಂದಿಷ್ಟು ನೀರು ಚಿಮುಕಿಸಿ ಹಾಕಿ ನೋಡಿ ಎಂದೆ. ಅವರು ಮರ್ಯಾದಸ್ಥರು, ಬೇಡ ಎನ್ನಲಿಲ್ಲ. ಕಿಟಕಿಯ ಹತ್ತಿರ ಹೋಗಿ ತಮ್ಮದನ್ನು ತೆಗೆದು ಅದನ್ನು ಹಾಕಿಕೊಂಡರು. ಹತ್ತು ಎಣಿಸುವುದರೊಳಗೆ ಕಿತ್ತು ಕೈಯಲ್ಲಿ ಹಿಡಿದರು. ಆಮೇಲೆ ಎರಡನೆಯದಕ್ಕೂ ಅಷ್ಟೇ ನೀರು ಹಾಕಿ, ಅದನ್ನು ಹಾಕಿಕೊಂಡು ಬಂದು ಕೂತರು.

ಕೂತವರು ಸುಮ್ಮನಾಗಲಿಲ್ಲ. ಆಟದ ಬಯಲಿನಲ್ಲಿ ಓಡುವಾಗ ಯಾಕೆ ಮಾಸ್ಕು, ತೆರೆದ ಜಾಗದಲ್ಲಿ ತೆಗೆಯಲು ಬಿಡಬೇಕು, ಯಾವ ಮಗುವಿಗಾದರೂ ತಡೆಯದಿದ್ದರೆ ಕೇಳದೆಯೇ ಕಿಟಕಿಯ ಹತ್ತಿರ ಹೋಗುವ ಸ್ವಾತಂತ್ರ್ಯ ಇರಬೇಕು ಎಂದರು. ಆ ಮಾತು ಸರಿಯಾಗಿತ್ತು, ನಾನೂ ಹೌದೆಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವರು ಮತ್ತೆ, ಕ್ಲಾಸಿನೊಳಗೂ ಬೇಡ, ಮಾಸ್ಕ್ ಹಾಕಿದರೆ ಮಾತು ಕೇಳಿಸುವುದಿಲ್ಲ, ಕಲಿಕೆ ಆಗುವುದಿಲ್ಲ ಎಂದು ಹಿಂದಿನ ವಾದ ಹಿಡಿದರು. ನಾನು ಹಾಲಿನ ಕಟ್ಟಕಡೆಯ ಸಾಲಿನಲ್ಲಿದ್ದೆ. ಗೋಡೆ ಗಡಿಯಾರ ನೋಡಿಕೊಂಡು ಎದ್ದೆ.

"ಸಾಹೇಬ್, ಹದಿನೈದು ನಿಮಿಷದಿಂದ ನೀವು ಆ ಮಾಸ್ಕ್ ಹಾಕಿಕೊಂಡೇ ಜಗಳ ಆಡ್ತಾ ಇದ್ದೀರಿ. ನನಗೆ ವಯಸ್ಸಾಯ್ತು, ಒಂದು ಕಿವಿ ಮಂದ. ಆದ್ರೂ ಇಲ್ಲಿವರೆಗೆ ಒಂದು ಮಾತೂ ಕೇಳಿಸದೆ ಹೋಗ್ಲಿಲ್ಲ."

ಹಾಲಿನಲ್ಲಿ ಎದ್ದ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಐರೋಲಿಯವರ ಕೈ ಮಾಸ್ಕಿನ ಮೇಲೆ ಹೋಯಿತು, ಅದು ಅಲ್ಲಿರುವುದು ಆಗಷ್ಟೇ ನೆನಪಾದ ಹಾಗೆ. ಅವರೂ ನಕ್ಕರು. ಕಣ್ಣು ಕಂಡರೆ ನಗು ತಿಳಿಯುತ್ತದೆ, ಬಾಯಿ ಕಾಣಬೇಕೆಂದಿಲ್ಲ.

ಹೆಡ್ ಟೀಚರು ಕೈ ಎತ್ತಿಸಲಿಲ್ಲ. ಒಂದು ವಾರ ನೋಡೋಣ ಎಂದರು. ಗಂಜಿ ಇಲ್ಲದ ಮಾಸ್ಕು ಕ್ಲಾಸಿನಲ್ಲಿ ಕಡ್ಡಾಯ, ಬಯಲಿನಲ್ಲಿ ಬೇಡ, ಕಿಟಕಿಯ ಹತ್ತಿರ ಒಂದು ಕುರ್ಚಿ ಯಾವಾಗಲೂ ಖಾಲಿ. ಆ ವಾರ ಮಕ್ಕಳಿಗೆ ತೊಂದರೆ ಆದರೆ ಚಿಕ್ಕ ಕ್ಲಾಸುಗಳಿಗೆ ತೆಗೆಯುವುದು, ಆಗದಿದ್ದರೆ ವರ್ಷದ ಪರೀಕ್ಷೆವರೆಗೆ ಇಡುವುದು. ಮನೆಗೆ ಬಂದು ಹೇಳಿದಾಗ ಮಗ, ಒಂದು ವಾರ ಅಷ್ಟೇ ಅಮ್ಮ ಎಂದ. ಮೊಮ್ಮಗಳು ಅವನ ಬೆನ್ನ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದಳು.

ಭಾನುವಾರ ಮಗ ಎಲಾಸ್ಟಿಕ್ ತಂದುಕೊಟ್ಟ, ಇಡೀ ದಿನ ಆ ಹನ್ನೊಂದು ಮಕ್ಕಳಿಗೆ ಹೊಸದು ಹೊಲಿದೆ. ಲೆಕ್ಕದಲ್ಲಿ ಉಸಿರು ಕಟ್ಟುವವನಿಗೂ ಹೊಲಿದೆ. ನಿರಿಗೆ ಜೋಲು ಬಿದ್ದದ್ದನ್ನು ಕಂಡು ಕೈ ತುರಿಸಿತು. ಅಕ್ಕಿ ಡಬ್ಬವನ್ನು ಸೊಸೆ ಎತ್ತಿ ಕಪಾಟಿನ ಮೇಲಿಟ್ಟು, ಇವತ್ತು ಅನ್ನ ನಾನೇ ಮಾಡುತ್ತೇನೆ ಅತ್ತೆ ಎಂದಳು.

ಆ ವಾರ ದಿನಾ ನಾನು ಶಾಲೆ ಬಿಡುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ಗೇಟಿನಲ್ಲಿ ನಿಂತೆ. ಹೊರಗೆ ಬರುವ ಒಂದೊಂದು ಮುಖವನ್ನೂ ನೋಡಿದೆ. ಸೋಮವಾರ ಯಾರೂ ಆಫೀಸಿಗೆ ಹೋಗಲಿಲ್ಲ. ಮಂಗಳವಾರ ಒಬ್ಬಳು ಕಿಟಕಿ ಕುರ್ಚಿಯಲ್ಲಿ ಕೂತಳಂತೆ, ಹೊರಗೆ ಮಂಗ ಬಂದಿತ್ತಂತೆ, ಅದಕ್ಕೆ. ಬುಧವಾರ ಐರೋಲಿಯವರ ಮಗಳು ಮೊಮ್ಮಗಳ ಕೈ ಹಿಡಿದುಕೊಂಡು ಬಂದಳು. ಮುಖ ಕೆಂಪಾಗಿರಲಿಲ್ಲ. ಮೊಮ್ಮಗಳ ಮಾಸ್ಕನ್ನು ಮನೆಯಲ್ಲಿ ತಿರುಗಿಸಿ ನೋಡಿದೆ, ಹಲ್ಲಿನ ಗುರುತು ಇರಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರವೂ ಇಲ್ಲ.

ಶನಿವಾರ ಗುಂಪಿಗೆ ಶಾಲೆಯ ಸಂದೇಶ ಬಂತು: ಪರೀಕ್ಷೆವರೆಗೆ ಮಾಸ್ಕ್ ಇರುತ್ತದೆ. ಅದರ ಕೆಳಗೆ ಮೊದಲು ಸರಿ ಎಂದು ಬರೆದದ್ದು ಐರೋಲಿಯವರು. ಮಗ ಅದನ್ನು ಎರಡು ಸಲ ಓದಿ, ಫೋನು ಕೆಳಗಿಟ್ಟು, ಮಗಳ ಹತ್ತಿರ ಟೈಮ್ ಟೇಬಲ್ ಕೇಳಿದ. ಅವನ ಮಟ್ಟಿಗೆ ಅದು ಬಹಳ ದೊಡ್ಡ ಮಾತು.

ಆ ವರ್ಷ ನಮ್ಮ ಮನೆಗೆ ರೋಗ ಬರಲಿಲ್ಲ. ಅದು ಮಾಸ್ಕಿನಿಂದಲೇ ಎಂದು ಆಣೆ ಹಾಕಿ ಹೇಳಲು ನನಗೆ ಬರುವುದಿಲ್ಲ. ಮನೆಯವರು ಇಂದಿಗೂ ಕಿಟಕಿಯ ಹತ್ತಿರ ಕೂತು ಕೆಮ್ಮುತ್ತಾರೆ, ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ. ಅಷ್ಟು ಸಾಕು.

ಪರೀಕ್ಷೆಗೆ ಹತ್ತು ದಿನ ಇರುವಾಗ ಕ್ಲಾಸ್ ಟೀಚರು ನನ್ನನ್ನು ಒಳಗೆ ಕರೆದರು. ಮತ್ತೇನಾಯಿತೋ ಎಂದು ಹೆದರಿ ಹೋದೆ. ಓದು ಹೇಗೋ ಸರಿಹೋಗಿದೆ, ಪಾಠದಲ್ಲಿ ಎಲ್ಲರಿಗಿಂತ ಮೊದಲು ತಾನೇ ಓದುತ್ತೇನೆ ಎನ್ನುತ್ತಾಳೆ ಎಂದು ಶುರುಮಾಡಿದರು. ದೂರು ಅದಲ್ಲ. ನಿಮ್ಮ ಮೊಮ್ಮಗಳು ಕ್ಲಾಸಿನಲ್ಲಿ ವಿಪರೀತ ಮಾತಾಡುತ್ತಾಳೆ, ಪಕ್ಕದವಳಿಗೂ ಬರೆಯಲು ಬಿಡುವುದಿಲ್ಲ, ಮಾಸ್ಕ್ ಇರುವುದರಿಂದ ಯಾರ ಬಾಯಿ ಆಡುತ್ತಿದೆ ಎಂದು ಹಿಡಿಯಲೂ ಆಗುವುದಿಲ್ಲ, ಇವತ್ತು ಅರ್ಧ ಗಂಟೆ ಹೊರಗೆ ನಿಲ್ಲಿಸಿದ್ದೇನೆ ಎಂದರು.

ನಾನು ಕೈ ಮುಗಿದು, ಮನೆಯಲ್ಲಿ ಬುದ್ಧಿ ಹೇಳುತ್ತೇನೆ ಎಂದೆ. ಹೊರಗೆ ಬಂದರೆ ಅವಳು ಗೋಡೆಗೆ ಒರಗಿ, ನೀಲಿ ಮಾಸ್ಕನ್ನು ಮೂಗಿನವರೆಗೆ ಏರಿಸಿಕೊಂಡು, ಜವಾನನ ಜೊತೆಗೂ ಮಾತಾಡುತ್ತಿದ್ದಳು. ದಾರಿಯಲ್ಲಿ ಬುದ್ಧಿ ಹೇಳಲಿಲ್ಲ. ಇಬ್ಬರೂ ಕಬ್ಬಿನ ಹಾಲು ಕುಡಿದೆವು.